ಸಿಳ್ಳೆ ಹೊಡೆಯುವ ಚಪ್ಪಲಿ

ಫ್ಯಾನು, ಮಿಕ್ಸಿ, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುವ ಆತನಿಗೆ ಬೀದಿಯವರೆಲ್ಲ ಸೇರಿ ಇಟ್ಟ ಹೆಸರು ಸ್ಪ್ರಿಂಗ್ ಮಾವ. ಯಾವ ಸಾಮಾನು ಕೊಟ್ಟರೂ ಒಂದು ಸ್ಪ್ರಿಂಗು ಹೆಚ್ಚಿಗೆ ಸೇರಿಸದೆ ವಾಪಸು ಕೊಟ್ಟವನಲ್ಲ. ಎದುರುಮನೆ ಟೀಚರಮ್ಮನ ಇಸ್ತ್ರಿಪೆಟ್ಟಿಗೆ ಬಟ್ಟೆ ಸುಡುವ ಮೊದಲೇ ತಾನಾಗಿ ಎದ್ದು ನಿಲ್ಲಬೇಕೆಂದು ಅದಕ್ಕೂ ಒಂದು ಸ್ಪ್ರಿಂಗು ಹಾಕಿಕೊಟ್ಟ. ಅದು ನಿಲ್ಲಲಿಲ್ಲ, ಹಾರಿತು. ಅಂದಿನಿಂದ ಟೀಚರಮ್ಮ ಸುಕ್ಕು ಬಟ್ಟೆಯಲ್ಲೇ ಶಾಲೆಗೆ ಹೋಗುವುದು ಕ್ಷೇಮವೆಂದುಕೊಂಡರು.

ಅಂಗಡಿಯ ಮುಂಭಾಗದಲ್ಲಿ ಆತನ ಹೆಂಡತಿ ಹೊಲಿಗೆ ಮಿಷನ್ನು ಇಟ್ಟುಕೊಂಡಿದ್ದಳು. "ನೀವು ಲೋಕ ಉದ್ಧಾರ ಮಾಡಿ, ನಾನು ಬೇಡ ಅನ್ನಲ್ಲ. ನನ್ನ ಮಿಷನ್ನಿಗೆ ಮಾತ್ರ ಕೈ ಹಚ್ಚಬೇಡಿ" ಎಂದು ಮದುವೆಯಾದ ಹೊಸತರಲ್ಲೇ ಗಡಿ ಗೀಟು ಎಳೆದಿದ್ದಳು.

ಮಾವನಿಗೆ ಚಪ್ಪಲಿಯನ್ನು ಒಂದು ಕಡೆ ಬಿಟ್ಟು ಇನ್ನೊಂದು ಕಡೆ ಹುಡುಕುವ ಅಭ್ಯಾಸ. ಒಂದು ಬೆಳಗ್ಗೆ ಮಂಚದ ಕೆಳಗೆ ತಲೆ ತೂರಿಸಿ, "ಏ ಇವಳೇ, ನನ್ನ ಚಪ್ಪಲಿ ಕಂಡ್ಯಾ?" ಎಂದು ಕೂಗಿದ.

ಹೆಂಡತಿ ಸೂಜಿಗೆ ದಾರ ಪೋಣಿಸುತ್ತಿದ್ದಳು. "ಚಪ್ಪಾಳೆ ತಟ್ಟಿ ಕರೀರಿ. ಓಡಿ ಬರ್ತಾವೆ" ಎಂದಳು.

ಮಾವ ಹುಡುಕುವುದನ್ನು ಬಿಟ್ಟು ಮಂಚದ ಕೆಳಗಿನಿಂದ ತಲೆ ಹೊರಗೆಳೆದ. ಆ ಮಾತು ಅವನ ತಲೆಯಲ್ಲಿ ಹುಳ ಬಿಟ್ಟಿತ್ತು.

ಹೊಸದೊಂದು ಜೊತೆ ಚಪ್ಪಲಿ ತಂದು, ಹಿಮ್ಮಡಿಯ ಭಾಗವನ್ನು ಕೊರೆದು, ಒಳಗೆ ಶಬ್ದ ಹಿಡಿಯುವ ಒಂದು ಚೂರು, ವಾಚಿನ ಬ್ಯಾಟರಿ, ಆಟದ ಬೊಂಬೆಯಿಂದ ಕಿತ್ತ ಪೀಪಿ, ಇಷ್ಟನ್ನೂ ಕೂರಿಸಿದ. ಚಪ್ಪಾಳೆ ತಟ್ಟಿದರೆ ಎಡಗಾಲಿನದು "ಫುಯ್!" ಎನ್ನುತ್ತಿತ್ತು, ಬಲಗಾಲಿನದು "ಫೀಈ!" ಎನ್ನುತ್ತಿತ್ತು. ನೀರು ಹೋಗಬಾರದೆಂದು ಎಲ್ಲವನ್ನೂ ಗೋಂದು ಹಾಕಿ ಮುಚ್ಚಿಬಿಟ್ಟ. ಆರಿಸುವ ಸ್ವಿಚ್ಚು ಇಡುವುದು ಮಾತ್ರ ಮರೆತೇಹೋಯಿತು. ಮನೆಯಲ್ಲಿ ಸೊಳ್ಳೆ ಹೊಡೆದರೂ ಸಿಳ್ಳೆ.

"ಇದೇನ್ರೀ, ಮಂಚದ ಕೆಳಗೆ ಯಾರೋ ಪೋಲಿ ಹುಡುಗ ಸೇರ್ಕೊಂಡ ಹಾಗಿದೆ!" ಎಂದು ಹೆಂಡತಿ ರೇಗಿದಳು. ಆದರೂ ಮಾವ ಹಾಕಿದ್ದ ಅರ್ಜಿಗೆ ಪೇಟೆಂಟ್ ಕಚೇರಿಯಿಂದ ವಿಚಾರಣೆಗೆ ಕರೆ ಬಂದಾಗ, ಒಬ್ಬನೇ ಹೋದರೆ ಕಚೇರಿಯ ಫ್ಯಾನು ಬಿಚ್ಚಿಯಾನೆಂದು ತಾನೂ ಹೊರಟಳು.

ಕಚೇರಿಯಲ್ಲಿ ಇವರ ಅಹವಾಲು ಕೇಳಲು ಕುಳಿತಿದ್ದ ಪರೀಕ್ಷಕಿಗೆ ಆಗಲೇ ಸಾಕುಸಾಕಾಗಿತ್ತು. "ಬೆಳಗ್ಗೆ ಒಬ್ಬರು ಮೀಸೆಗೆ ಕೊಡೆ ತಂದಿದ್ರು, ಚಹಾ ಕುಡಿಯುವಾಗ ನೆನೀಬಾರ್ದಂತೆ. ಆಮೇಲಿನವರು ಬೆಕ್ಕಿಗೆ ಹಲ್ಲುಜ್ಜೋ ಯಂತ್ರ ತಂದಿದ್ರು. ಬೆಕ್ಕನ್ನೂ ತಂದಿದ್ರು" ಎಂದು ಪರಚಿದ ಕೈ ತೋರಿಸಿದಳು. "ನಿಮ್ಮದೇನು?"

ಮಾವ ಚೀಲದಿಂದ ಚಪ್ಪಲಿ ತೆಗೆದು ಮೇಜಿನ ಮೇಲಿಟ್ಟ. ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ಚಪ್ಪಾಳೆ ಕೇಳಿಸಿತು.

ಅಲ್ಲಿ ಕಚೇರಿಯ ದೊಡ್ಡ ಅಧಿಕಾರಿಯ ಬೀಳ್ಕೊಡುಗೆ ನಡೆಯುತ್ತಿತ್ತು. ಬಂದ ಅರ್ಜಿಗಳಲ್ಲಿ ಹೆಚ್ಚಿನವನ್ನು ಕಣ್ಣು ಮಿಟುಕಿಸದೆ ತಳ್ಳಿಹಾಕುತ್ತಿದ್ದ ಅವರನ್ನು ಸಿಬ್ಬಂದಿಯೆಲ್ಲ ಹಿಂದಿನಿಂದ ತಿರಸ್ಕಾರ ಸಾಹೇಬರು ಎನ್ನುತ್ತಿದ್ದರು. ಹೊಗಳಿಕೆಯ ಭಾಷಣಕ್ಕೆ ಶಾಸ್ತ್ರಕ್ಕೊಂದು ಚಪ್ಪಾಳೆ ಬಿದ್ದಿತ್ತು. ನಡುವೆ ಇದ್ದದ್ದು ತೆಳ್ಳನೆಯ ಹಲಗೆಯ ಗೋಡೆ.

"ಫುಯ್! ಫೀಈ!"

ಪಕ್ಕದ ಕೋಣೆ ಒಮ್ಮೆ ಗಪ್‌ಚಿಪ್ಪಾಯಿತು. ಯಾರೋ ಕಿಸಕ್ಕನೆ ನಕ್ಕರು. ಸಿಳ್ಳೆ ಕೇಳಿ ಹುರುಪು ಬಂದು ಇನ್ನಷ್ಟು ಜನ ಚಪ್ಪಾಳೆ ತಟ್ಟಿದರು. ಅದಕ್ಕೆ ಚಪ್ಪಲಿ ಇನ್ನಷ್ಟು ಸಿಳ್ಳೆ ಹೊಡೆಯಿತು. ಸಿಳ್ಳೆಗೆ ಚಪ್ಪಾಳೆ, ಚಪ್ಪಾಳೆಗೆ ಸಿಳ್ಳೆ, ನಿಲ್ಲುವ ಲಕ್ಷಣವೇ ಇಲ್ಲ. ಮಾವ ಚಪ್ಪಲಿಗಳನ್ನು ಚೀಲಕ್ಕೆ ತುರುಕಿದ. ಪ್ರಯೋಜನವಾಗಲಿಲ್ಲ. ಚೀಲವನ್ನು ಕುರ್ಚಿಗೆ ಹಾಕಿ ಅದರ ಮೇಲೆಯೇ ಕುಳಿತ. ಈಗ ಸಿಳ್ಳೆ ಆತ ಕುಳಿತಲ್ಲಿಂದಲೇ, ಸ್ವಲ್ಪ ಉಸಿರುಗಟ್ಟಿದ ದನಿಯಲ್ಲಿ ಹೊರಟಿತು.

"ಭೂಮಿ ಬಾಯಿ ಬಿಡಬಾರ್ದಾ!" ಎಂದು ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಪರೀಕ್ಷಕಿ ಫೈಲನ್ನು ಮುಖಕ್ಕೆ ಅಡ್ಡ ಹಿಡಿದಿದ್ದಳು. ಫೈಲು ಗಡಗಡ ಅಲ್ಲಾಡುತ್ತಿತ್ತು.

ಬಾಗಿಲು ದಢಾರೆಂದು ತೆರೆಯಿತು. ಕೈಯಲ್ಲಿ ಹೂಗುಚ್ಛ ಹಿಡಿದ ಸಾಹೇಬರೇ ನಿಂತಿದ್ದರು.

"ಸಿಳ್ಳೆ ಹೊಡೆದದ್ದು ಯಾರು?"

ಮಾವ ಎದ್ದು ನಿಂತು, ಚೀಲದಿಂದ ಚಪ್ಪಲಿ ತೆಗೆದು ತೋರಿಸಿದ. "ಇವು ಸಾರ್. ನಾನಲ್ಲ."

ಸಾಹೇಬರು ಚಪ್ಪಲಿಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. "ಇಷ್ಟು ವರ್ಷದ ಸರ್ವೀಸಲ್ಲಿ ನನಗೆ ಒಬ್ಬರೂ ಸಿಳ್ಳೆ ಹೊಡೆದಿರಲಿಲ್ಲಪ್ಪ" ಎಂದರು.

ಆಮೇಲೆ ನಡೆದದ್ದನ್ನು ಕಚೇರಿಯವರು ಇಂದಿಗೂ ಹೇಳಿಕೊಂಡು ನಗುತ್ತಾರೆ. ಸಾಹೇಬರು ಹೂಗುಚ್ಛವನ್ನು ಮಾವನ ಹೆಂಡತಿಯ ಕೈಗಿಟ್ಟು, ಎರಡೂ ಚಪ್ಪಲಿಗಳನ್ನು ತಾವೇ ಹೊತ್ತೊಯ್ದು ಮೈಕಿನ ಪಕ್ಕದಲ್ಲಿ ಇಟ್ಟುಕೊಂಡು ಭಾಷಣ ಮಾಡಿದರು. ಒಂದೊಂದು ವಾಕ್ಯಕ್ಕೂ ನಿಲ್ಲಿಸಿ ಜನರ ಮುಖ ನೋಡುತ್ತಿದ್ದರು. ಜನ ತಟ್ಟುತ್ತಿದ್ದರು. ಚಪ್ಪಲಿಗಳು ತಮ್ಮ ಕೆಲಸ ಮಾಡುತ್ತಿದ್ದವು.

ಭಾಷಣ ಮುಗಿಸಿ ಬಂದವರೇ ಕನ್ನಡಕ ಏರಿಸಿ, "ಸಂಜೆವರೆಗೆ ನಾನಿನ್ನೂ ಡ್ಯೂಟೀಲಿದ್ದೀನಿ. ಚಪ್ಪಾಳೆಗೆ ಕೂಗೋ ಬೀಗದಕೈ ಗೊಂಚಲು ಮಾರ್ಕೆಟ್ಟಿಗೆ ಬಂದು ಎಷ್ಟೋ ವರ್ಷ ಆಯ್ತು. ಇದರಲ್ಲಿ ಹೊಸದೇನಿಲ್ಲ. ಅರ್ಜಿ ತಿರಸ್ಕರಿಸಿದ್ದೀನಿ" ಎಂದರು.

ಮಾವನ ಮುಖ ಸಪ್ಪಗಾಯಿತು.

"ಆದರೆ ನನಗೊಂದು ಜೊತೆ ಬೇಕು" ಎಂದರು ಸಾಹೇಬರು. "ಒಂಬತ್ತನೇ ಸೈಜು."

ಪೇಟೆಂಟು ಸಿಗದಿದ್ದರೇನು, ಹೆಸರು ಹಬ್ಬಿತು. ಹಾಡು ಕಲಿತು ಮೊದಲ ಸಲ ವೇದಿಕೆ ಹತ್ತುವವರು, ಜನ ಸೇರದ ಸಭೆ ಕರೆಯುವವರು, ಎಲ್ಲರೂ ಚಪ್ಪಲಿಯನ್ನು ಬಾಡಿಗೆಗೆ ಕೇಳಿಕೊಂಡು ಬಂದರು. ಒಂದು ಚಪ್ಪಲಿ ಎಂದರೆ ಹತ್ತು ಅಭಿಮಾನಿಗಳಿದ್ದ ಹಾಗೆ. ಹೆಂಡತಿ ಅವುಗಳಿಗೆ ಬಣ್ಣದ ಬಟ್ಟೆಯ ಚೀಲ ಹೊಲಿದುಕೊಟ್ಟಳು. ಮಾವನಿಗೆ ಅದು ಪೇಟೆಂಟಿಗಿಂತ ದೊಡ್ಡ ಮರ್ಯಾದೆ ಅನ್ನಿಸಿತು.

ನಿವೃತ್ತರಾದ ಸಾಹೇಬರಿಗೆ ಮನೆಯಲ್ಲಿ ಹೊತ್ತು ಹೋಗದು. ದಿನವೂ ಅಂಗಡಿಯ ಸ್ಟೂಲಿನ ಮೇಲೆ ಬಂದು ಕೂರತೊಡಗಿದರು. ಕೆಲವು ತಿಂಗಳಾದ ಮೇಲೆ ಒಂದು ದಿನ ಪೇಪರಿನಲ್ಲಿ ಸುತ್ತಿದ ಉದ್ದನೆಯ ವಸ್ತುವನ್ನು ಹಿಡಿದುಕೊಂಡು ಬಂದರು. ಕಳ್ಳಸಾಮಾನು ತಂದವರಂತೆ ಆಚೀಚೆ ನೋಡಿ ಬಿಚ್ಚಿದರು. ಕೋಲಿನ ತುದಿಗೆ ಮರದ ಪುಟ್ಟ ಕೈ.

"ನಾನೇ ಕಂಡುಹಿಡಿದದ್ದು" ಎಂದು ಪಿಸುಗುಟ್ಟಿದರು.

ಮಾವ ಬಗ್ಗಿ ಕೋಲನ್ನು ನೋಡಿದ. ಹೆಂಡತಿ ನಡುವೆ ಬಾಯಿ ಹಾಕಿದಳು. "ಸಾಹೇಬ್ರೇ, ಇದು ಬೆನ್ನು ಕೆರ್ಕೊಳ್ಳೋ ಕೋಲಲ್ವಾ? ಮೂಲೆ ಅಂಗಡೀಲಿ ಬುಟ್ಟಿಗಟ್ಟಲೆ ಇದೆ!"

"ಛೆ ಛೆ, ಅದು ಅವರವರ ಬೆನ್ನಿಗಮ್ಮ" ಎಂದರು ಸಾಹೇಬರು ಗಂಭೀರವಾಗಿ. "ಇದು ಎದುರಿಗಿರೋರ ಬೆನ್ನಿಗೆ. ಕೋಲು ನೋಡಿ, ಎಷ್ಟು ಉದ್ದ ಇದೆ."

ಮಾವ ಸ್ಕ್ರೂಡ್ರೈವರು ಕೆಳಗಿಟ್ಟು, ಅವರತ್ತ ಬೆನ್ನು ತಿರುಗಿಸಿ ಕುಳಿತ. ಸಾಹೇಬರು ಸ್ಟೂಲಿನಿಂದ ಏಳದೆಯೇ ಕೋಲು ಚಾಚಿದರು.

"ಇನ್ನು ಸ್ವಲ್ಪ ಎಡಕ್ಕೆ ಸಾರ್" ಎಂದ ಮಾವ, ಕಣ್ಣು ಮುಚ್ಚಿಕೊಂಡು. "ಹಾಂ, ಅಲ್ಲೇ."