ಗಾಳಿ ಸೋರುವ ತುಟಿ

ಬಾಯಿ ಮುಕ್ಕಳಿಸಲು ಹೋದ ನನ್ನ ಗಂಡನ ತುಟಿಯ ಎಡಗಡೆಯಿಂದ ನೀರು ಜಾರಿ ಬನಿಯನ್ನಿನ ಮೇಲೆ ಬಿತ್ತು. ನಾನು ನಕ್ಕೆ. ಹೊತ್ತುಗೊತ್ತಿಲ್ಲದೆ ಕೋತಿಯಾಟ ಆಡುವ ಮನುಷ್ಯ, ಇವತ್ತೂ ಅದೇ ಅಂದುಕೊಂಡೆ. ಎರಡನೇ ಸಲವೂ ನೀರು ಹಾಗೇ ಬಿದ್ದಾಗ ಅವನು ನನ್ನ ಕಡೆ ತಿರುಗಿದ. ಮುಖದ ಎಡಭಾಗ ಪೂರ್ತಿ ಇಳಿದುಹೋಗಿತ್ತು, ಆ ಕಡೆಯ ಕಣ್ಣಿನ ರೆಪ್ಪೆ ಮುಚ್ಚುತ್ತಿರಲಿಲ್ಲ. ಡೈರಿಗೆ ಹೊರಟಿದ್ದವಳು ಹಾಲಿನ ಕ್ಯಾನನ್ನು ಅಲ್ಲೇ ಕೆಳಗಿಟ್ಟೆ.

ಅವನು ನಾಗಸ್ವರ ಊದುವವನು. ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ಮದುವೆ, ಗೃಹಪ್ರವೇಶ ಅಂದರೆ ಇವನ ವಾಲಗವೇ ಆಗಬೇಕು ಅನ್ನುವ ಮನೆಗಳು ಬೇಕಾದಷ್ಟಿದ್ದವು. ಊದುವವನಿಗೆ ತುಟಿಯೇ ಬಂಡವಾಳ. ಬಂಗಾರಪೇಟೆಯ ಡಾಕ್ಟರು ನೋಡಿ, ಮುಖದ ನರ ಊದಿಕೊಂಡಿದೆ, ಮಾತ್ರೆ ತಗೊಳ್ಳಿ, ಬಹುಪಾಲು ಸರಿಹೋಗುತ್ತೆ, ಪೂರ್ತಿ ಹೋಗುತ್ತೋ ಇಲ್ಲವೋ ಈಗ ಹೇಳೋಕಾಗಲ್ಲ ಅಂದರು. ಊರಿನವರು ಮಾತ್ರ ಎಲ್ಲವನ್ನೂ ಹೇಳಿದರು. ರೈಲಿನ ಕಿಟಕಿ ಪಕ್ಕ ಕೂತು ಬಂದಿದ್ದಕ್ಕೆ ಶೀತಗಾಳಿ ಹೊಡೆದಿದೆ ಅಂದರು ಕೆಲವರು. ಕಣ್ಣು ಬಿದ್ದಿದೆ ಅಂತ ಪಕ್ಕದ ಮನೆಯಾಕೆ ಮೆಣಸಿನಕಾಯಿ ನಿವಾಳಿಸಲು ಬಂದಳು. ನನಗೆ ರೇಗಿಹೋಯಿತು.

"ಕಣ್ಣು ಬೀಳಂಗಿದ್ರೆ ಅರ್ಧ ಮುಖುಕ್ಕೇ ಯಾಕ್ ಬೀಳ್ತಿತ್ತಕ್ಕಾ? ಇನ್ನರ್ಧ ಏನ್ ಪಾಪ ಮಾಡಿತ್ತು?" ಅಂದೆ. ಆಕೆ ಮೆಣಸಿನಕಾಯಿ ಅಲ್ಲೇ ಬಿಟ್ಟು ಹೋದಳು. ಅದನ್ನು ಸಾರಿಗೆ ಹಾಕಿದೆ.

ಬಲೂನು ಊದಿಸಿ ಅಂತ ಡಾಕ್ಟರು ಹೇಳಿದ್ದರು. ಹುಟ್ಟುಹಬ್ಬದ ಸಾಮಾನಿನ ಅಂಗಡಿಯಿಂದ ಬಣ್ಣಬಣ್ಣದ ಬಲೂನು ತಂದೆ. ಇಡೀ ಕಲ್ಯಾಣ ಮಂಟಪಕ್ಕೆ ಮೈಕಿಲ್ಲದೆ ಕೇಳಿಸುತ್ತಿದ್ದ ಮನುಷ್ಯ ಹಿತ್ತಲಲ್ಲಿ ಕೂತು ಬಲೂನಿಗೆ ಬಾಯಿಟ್ಟರೆ ಪುಸ್ ಪುಸ್ ಅನ್ನುತ್ತಿತ್ತು. ಸೋರುತ್ತಿದ್ದ ಗಾಳಿಗಿಂತ ಆ ಸದ್ದು ಅವನನ್ನು ಹೆಚ್ಚು ಕುಗ್ಗಿಸಿತು. ಒಂದು ದಿನ ನಾಗಸ್ವರವನ್ನು ಪಂಚೆಯಲ್ಲಿ ಸುತ್ತಿ ಮೊಳೆಗೆ ನೇತುಹಾಕಿಬಿಟ್ಟ.

ಆಮೇಲೆ ಮದುವೆಗಳು ಬೇರೆಯವರ ಪಾಲಾದವು. ಕೆಲವು ಕಡೆ ಫೋನಿನಿಂದ ಸ್ಪೀಕರಿಗೆ ಹಾಕಿ ವಾಲಗ ಮುಗಿಸಿದರು. ನೆಂಟರ ಮನೆಯ ಮದುವೆಗೆ ಹೋದರೂ ಇವನು ಗಟ್ಟಿಮೇಳಕ್ಕೆ ಮೊದಲೇ ಎದ್ದು ಆಚೆ ಬಂದು ಚಪ್ಪಲಿಗಳ ಹತ್ತಿರ ನಿಲ್ಲುತ್ತಿದ್ದ. ನಮಗೆ ಹಸುಗಳಿದ್ದವು, ಊಟಕ್ಕೆ ಕೊರತೆ ಇರಲಿಲ್ಲ. ಆದರೆ ಅವನು ಊದದೇ ಬದುಕುವವನಲ್ಲ ಅನ್ನುವುದು ನನಗೆ ಗೊತ್ತಿತ್ತು. ಹೀಗೇ ಬಿಟ್ಟರೆ ಮನುಷ್ಯ ಉಳಿಯುವುದಿಲ್ಲ ಅಂತ ನಿಜವಾಗಿ ಹೆದರಿದ್ದೆ.

ಅವನ ಕಾಯಿಲೆಗಿಂತ ಅವನ ಜಂಬ ದೊಡ್ಡದಿತ್ತು. ನಾಗಸ್ವರದ ತುದಿಗೆ ಜೊಂಡಿನ ಒಂದು ಪೀಪಿ ಸಿಕ್ಕಿಸುತ್ತಾರೆ, ಸೀವಾಳಿ ಅಂತ. ಅದು ಗಟ್ಟಿಯಿದ್ದಷ್ಟೂ ಊದಲು ಬಲ ಬೇಕು, ನಾದವೂ ದಪ್ಪ. ಇವನು ಜೀವಮಾನವೆಲ್ಲ ಗಟ್ಟಿ ಸೀವಾಳಿಯಲ್ಲೇ ಊದಿದವನು. ಮೆತ್ತನೆಯದನ್ನು ಇಟ್ಟುಕೊಂಡವರನ್ನು ಕಂಡರೆ ನಗುತ್ತಿದ್ದ. ಆಷಾಢದಲ್ಲಿ ಹೇಗೂ ಮದುವೆಗಳಿಲ್ಲ, ಮೆತ್ತನೆಯದರಲ್ಲಿ ಸ್ವಲ್ಪ ಸ್ವಲ್ಪ ಊದಿ ನೋಡು ಅಂದೆ.

"ಅದು ಕಲಿಯೋ ಉಡುಗ್ರು ಊದೋದು. ನಾನ್ ಊದಲ್ಲ" ಅಂದ. ಬಾಯಿ ಸೊಟ್ಟಗಿದ್ದರೂ ಹಟ ನೆಟ್ಟಗಿತ್ತು.

"ಜ್ವರ ಬಿಟ್ಟೋನು ಮೊದ್ಲು ಗಂಜಿ ಕುಡೀತಾನೋ, ಮುದ್ದೆ ನುಂಗ್ತಾನೋ? ಯೋಳಯ್ಯ! ದೊಡ್ ವಿದ್ವಾಂಸ!"

ಮಾರನೇ ದಿನ ಬೆಳಗ್ಗೆ ನೋಡಿದರೆ ಲೋಟದ ನೀರಿನಲ್ಲಿ ಮೆತ್ತನೆಯ ಸೀವಾಳಿ ನೆನೆಯುತ್ತಿತ್ತು. ನಾನು ನೋಡಿಯೂ ನೋಡದವಳಂತೆ ಕಾಫಿ ಇಟ್ಟೆ.

ಊರಿಗೆ ಕೇಳಿಸಬಾರದು ಅಂತ ಕೊಟ್ಟಿಗೆಯಲ್ಲಿ ಊದಿದ. ನಾನು ಕೆಚ್ಚಲಿಗೆ ಎಣ್ಣೆ ಸವರಿ ಹಾಲು ಕರೆಯುತ್ತಿದ್ದೆ. ಸ್ವರ ಒಂದು ಚೂರು ಎದ್ದು, ಎಡಗಡೆಯಿಂದ ಪುಸ್ ಅಂತ ಗಾಳಿ ಹೋಗಿ ಮುರಿದುಬೀಳುತ್ತಿತ್ತು. ಮತ್ತೆ ಏಳುತ್ತಿತ್ತು, ಮತ್ತೆ ಪುಸ್. ಕರಿ ಹಸು ಬೆಚ್ಚಿ ಕಾಲು ಝಾಡಿಸಿತು, ಪಾತ್ರೆ ಉರುಳಿತು. ನನ್ನ ಪಿತ್ತ ನೆತ್ತಿಗೇರಿತು. ಎದ್ದುಹೋಗಿ, ಸೋರುವ ಪೈಪಿಗೆ ಬೆರಳು ಒತ್ತಿದ ಹಾಗೆ, ಅವನ ತುಟಿಯ ಎಡಮೂಲೆಯನ್ನು ಬೆರಳಿನಿಂದ ಒತ್ತಿ ಹಿಡಿದೆ.

"ಈಗ್ ಊದು, ನೋಡಾನ" ಅಂದೆ.

ಊದಿದ. ಸ್ವರ ನಿಂತಿತು. ಒಂದು ಉಸಿರು ಪೂರ್ತಿ, ಎಲ್ಲೂ ಮುರಿಯದೆ ನಿಂತಿತು. ಊದುವವನಿಗೆ ಎರಡೂ ಕೈ ವಾದ್ಯದ ಮೇಲೇ ಇರಬೇಕಲ್ಲ, ಈ ಉಪಾಯ ಅವನೊಬ್ಬನಿಂದ ಆಗುವಂಥದ್ದೇ ಆಗಿರಲಿಲ್ಲ. ಮುಗಿಸಿದ ಮೇಲೆ ಅವನ ಕಣ್ಣು ತುಂಬಿತ್ತು. ಬಾಯಲ್ಲಿ ಬಂದದ್ದು ಮಾತ್ರ, "ಥೂ, ಕೆಚ್ಚಲೆಣ್ಣೆ ವಾಸ್ನೆ ಕಣಮ್ಮೀ, ಕೈ ತೊಳ್ಕಂಡ್ ಬಾ!"

ಅಂದಿನಿಂದ ದಿನಾ ಬೆಳಗ್ಗೆ ಅದೇ ನಮ್ಮ ಕೆಲಸವಾಯಿತು. ನಿಧಾನವಾಗಿ ತುಟಿಗೆ ಬಲ ಬಂತು, ಬೆರಳಿಲ್ಲದೆಯೂ ಸುಮಾರು ಹೊತ್ತು ಊದತೊಡಗಿದ. ದಣಿದಾಗ ಮಾತ್ರ ಎಡಗಡೆ ಸೋರುತ್ತಿತ್ತು.

ಶ್ರಾವಣದಲ್ಲಿ ಮಾರಿಕುಪ್ಪಂ ಕಡೆಯ ಕೋರಮಂಡಲ್‌ನಿಂದ ಒಬ್ಬಾಕೆ ಮನೆಗೆ ಬಂದರು. ಅವರ ಮದುವೆಗೆ ಊದಿದ್ದವನು ಇವನೇ, ಈಗ ಅವರ ಮಗಳ ಮದುವೆ. ಇವನು ತನ್ನ ಮುಖ ತೋರಿಸಿ, ಬೇರೆಯವರನ್ನು ಕರೀರಮ್ಮ ಅಂದ. ಆಕೆ ತಾಂಬೂಲದ ತಟ್ಟೆ ಕೆಳಗಿಟ್ಟು, "ನೀಂಗದಾನ್ ವಾಸಿಕ್ಕಣುಂ. ನೀವೇ ಊದ್ಬೇಕು, ಅಷ್ಟೇ" ಅಂದು ಎದ್ದರು.

ಅವನಿಗಿದ್ದ ಭಯ ಒಂದೇ. ತಾಳಿ ಕಟ್ಟುವ ಹೊತ್ತಿಗೆ ಸೀನು, ಅಳು, ಕೆಟ್ಟ ಮಾತು ಯಾವುದೂ ಕಿವಿಗೆ ಬೀಳಬಾರದು ಅಂತಲೇ ಗಟ್ಟಿಮೇಳ ಬಾರಿಸುವುದು. ಆಗ ನಾಗಸ್ವರವೇ ಪುಸ್ ಅಂದರೆ ಅದಕ್ಕಿಂತ ದೊಡ್ಡ ಅಪಶಕುನ ಇನ್ನೊಂದಿಲ್ಲ. ಆಮೇಲೆ ಯಾವ ಮನೆಯವರೂ ಇವನನ್ನು ಕರೆಯುವುದಿಲ್ಲ. ಅವನ ಜೊತೆಗೆ ಬಹಳ ಕಾಲದಿಂದ ಡೋಲು ಬಾರಿಸುವವರು ಒಬ್ಬರಿದ್ದಾರೆ. ಅವರು, "ಏಮೀ ಕಾದು ವದಿನಾ, ಏನೂ ಆಗಕಿಲ್ಲ ಅತ್ತಿಗೆ, ಪುಸ್ ಅಂದ್ರೂ ನಾನ್ ಡೋಲಲ್ಲಿ ಮುಚ್ಕೊಂಡ್ ಓಯ್ತೀನಿ" ಅಂತ ನನಗೆ ಧೈರ್ಯ ಹೇಳಿದರು.

ಮದುವೆಯ ದಿನ ನಾನು ಹೆಂಗಸರ ನಡುವೆ ಅಕ್ಷತೆ ಹಿಡಿದು ಕೂತಿದ್ದೆ. ಕಾಶಿಯಾತ್ರೆ, ಮಾಲೆ, ಎಲ್ಲಕ್ಕೂ ಚೆನ್ನಾಗಿ ಊದಿದ. ಆದರೆ ಮುಹೂರ್ತ ಎಳೆಯಿತು. ಹುಡುಗನ ಸೋದರಮಾವ ಬರುವುದು ತಡವಾಗಿ ಇವನು ನಿಲ್ಲಿಸದೆ ಊದಬೇಕಾಯಿತು. ದೂರದಿಂದಲೇ ನನಗೆ ಗೊತ್ತಾಯಿತು, ಎಡಗೆನ್ನೆ ನಡುಗುತ್ತಿತ್ತು. ಅಷ್ಟರಲ್ಲಿ ಪುರೋಹಿತರು "ಕೆಟ್ಟಿಮೇಳಂ! ಕೆಟ್ಟಿಮೇಳಂ!" ಅಂತ ಗಟ್ಟಿಮೇಳಕ್ಕೆ ಕೈ ಎತ್ತಿದರು.

ಮದುವೆಯಾದಾಗಿನಿಂದ ನಾವಿಬ್ಬರೂ ಬಂಗಾರಪೇಟೆ ಸ್ಟೇಷನ್ನಿನಲ್ಲೂ ಜೊತೆಯಾಗಿ ನಡೆದವರಲ್ಲ. ಅವನು ಮುಂದೆ, ನಾನು ಹಿಂದೆ. ಅಂಥವಳು ಎದ್ದೆ. ಯಾರದೋ ಕಾಲು ತುಳಿದೆ, "ಏನಮ್ಮ ಇದು!" ಅಂತ ಯಾರೋ ಬೈದರು. ಅಕ್ಷತೆ ದಾರಿಯುದ್ದಕ್ಕೂ ಚೆಲ್ಲಿತು. ವಾಲಗದವರ ಚಾಪೆಯ ಮೇಲೆ ಮಂಡಿಯೂರಿ, ಇಡೀ ಮಂಟಪ ನೋಡುತ್ತಿರುವಾಗ, ನನ್ನ ಗಂಡನ ತುಟಿಯ ಮೂಲೆಗೆ ಬೆರಳಿಟ್ಟು ಒತ್ತಿದೆ. ಡೋಲಿನವರು ನಮ್ಮನ್ನು ನೋಡಿ ಇನ್ನೂ ಜೋರಾಗಿ ಬಾರಿಸಿದರು. ಅವನು ಕಣ್ಣು ಮುಚ್ಚಿ ಊದಿದ. ಎರಡು ಕಣ್ಣೂ ಸರಿಯಾಗಿ ಮುಚ್ಚಿದ್ದವು. ಸ್ವರ ಮುರಿಯಲಿಲ್ಲ. ತಾಳಿಯ ಮೂರನೇ ಗಂಟು ಬೀಳುವವರೆಗೂ ಮುರಿಯಲಿಲ್ಲ.

ಕೈ ತೆಗೆದಾಗ ಅಕ್ಷತೆಯ ಅರಿಶಿನ ಅವನ ಕೆನ್ನೆಗೆ ಅಂಟಿತ್ತು. "ಇಲ್ಲಿ ಎರಡು ಮದುವೆ ಆಯ್ತಲ್ಲಪ್ಪಾ!" ಅಂತ ಯಾರೋ ಕೂಗಿದರು, ಎಲ್ಲರೂ ನಕ್ಕರು. ನಾಚಿಕೆಯಿಂದ ನೆಲ ಬಾಯಿ ಬಿಡಬಾರದೇ ಅನ್ನಿಸಿತು, ಜೊತೆಗೆ ಎದೆ ತುಂಬಿ ಅಳುವೂ ಬಂತು. ಮದುಮಗಳ ತಾಯಿ ಬಂದು ಮೊದಲ ಎಲೆಗೆ ನಮ್ಮಿಬ್ಬರನ್ನೂ ಅಕ್ಕಪಕ್ಕ ಕೂರಿಸಿ ಬಡಿಸಿದರು. ವಾಪಸ್ ಬರುವಾಗ ಸ್ಟೇಷನ್ನಿನಲ್ಲಿ ಅವನು ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತ, ನಾನು ಹತ್ತಿರ ಬರುವವರೆಗೆ ಕಾದ.

ಈಗ ಸುಗ್ಗಿಯ ಹಾಗೆ ಮದುವೆಗಳು ಬರುತ್ತಿವೆ. ಗಟ್ಟಿ ಸೀವಾಳಿಗೆ ಮರಳಿದ್ದಾನೆ, ಜಂಬವೂ ಮರಳಿದೆ. ಊರೂರಿಗೆ ಒಬ್ಬನೇ ಹೋಗಿ ಗಟ್ಟಿಮೇಳ ಊದಿ ಬರುತ್ತಾನೆ, ನನ್ನ ಬೆರಳು ಬೇಕಿಲ್ಲ. ಆದರೆ ಬೆಳಗ್ಗೆ ಕೊಟ್ಟಿಗೆಯಲ್ಲಿ ಸಾಧನೆಗೆ ಕೂತಾಗ ಮಾತ್ರ, ನಾನು ಹಾಲು ಕರೆದು ಏಳುವುದನ್ನೇ ನೋಡಿಕೊಂಡು ಎಡಗೆನ್ನೆಯನ್ನು ನನ್ನ ಕಡೆ ತಿರುಗಿಸುತ್ತಾನೆ.

"ಇನ್ನೂ ಒಸಿ ಸೋರ್ತದೆ ಕಣಮ್ಮೀ."

"ಸುಳ್ಳು ಬೊಗಳ್ಬ್ಯಾಡ" ಅನ್ನುತ್ತೇನೆ. ಅಂದು, ಕೈ ತೊಳೆದುಕೊಂಡು ಬರುತ್ತೇನೆ.