ಯಾರೂ ತಿದ್ದದ ಪುಟ

2018ರಲ್ಲಿ ನಾನು ತಿ. ನರಸೀಪುರ ತಾಲ್ಲೂಕಿನ ಒಂದು ಪಶು ಚಿಕಿತ್ಸಾಲಯದಲ್ಲಿ ವೈದ್ಯಾಧಿಕಾರಿಯಾಗಿದ್ದೆ. ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ಬೆಳಿಗ್ಗೆ ಬಾಗಿಲು ತೆಗೆದರೆ ಹಸು, ಎಮ್ಮೆ, ಕುರಿ, ಮೇಕೆ, ಆಗೊಮ್ಮೆ ಈಗೊಮ್ಮೆ ನಾಯಿ. ದಿನಕ್ಕೊಂದೋ ಎರಡೋ ಪಾರಿವಾಳಗಳೂ ಬರುತ್ತಿದ್ದವು. ನಮ್ಮ ರಿಜಿಸ್ಟರಿನಲ್ಲಿ ಅವಕ್ಕೆ ಪ್ರತ್ಯೇಕ ಅಂಕಣ ಇಟ್ಟುಕೊಂಡಿರಲಿಲ್ಲ. ಕೋಳಿಯ ಅಂಕಣದಲ್ಲೇ ಬರೆದು ಮುಗಿಸುತ್ತಿದ್ದೆ. ನಾನು ಈಗ ಹೇಳಹೊರಟಿರುವ ತಪ್ಪು ಅಲ್ಲಿಂದಲೇ ಶುರುವಾಯಿತು ಎಂದು ಈಗ ಅನ್ನಿಸುತ್ತದೆ.

ನಂಜನಗೂಡು ಮತ್ತು ನರಸೀಪುರಗಳಲ್ಲಿ ಪಾರಿವಾಳ ಸಾಕುವ ಹುಚ್ಚು ಎಷ್ಟಿದೆ ಎಂಬುದು ಹೊರಗಿನವರಿಗೆ ಗೊತ್ತಿಲ್ಲ. ತಿನ್ನಲಿಕ್ಕಲ್ಲ, ಮಾರಲಿಕ್ಕೂ ಅಲ್ಲ. ಬೆಳಿಗ್ಗೆ ಹಾರಿಬಿಟ್ಟ ಹಕ್ಕಿ ಎಷ್ಟು ಹೊತ್ತು ಇಳಿಯದೆ ಆಕಾಶದಲ್ಲೇ ಇರುತ್ತದೆ ಎಂಬುದೇ ಪಂದ್ಯ. ಮಾಳಿಗೆಯ ಮೇಲೆ ಚಾಪೆ ಹಾಸಿಕೊಂಡು, ಮೊಬೈಲಿನಲ್ಲಿ ಗಂಟೆ ನೋಡುತ್ತಾ, ಕತ್ತು ನೋಯುವವರೆಗೂ ಮೇಲೆ ನೋಡುತ್ತಾ ಕೂರುತ್ತಾರೆ. ಮದುವೆ ಮನೆಗೆ ಹೋದವರು ಮುಹೂರ್ತದ ಹೊತ್ತಿಗೆ ಹೊರಗೆ ಬಂದು ಆಕಾಶ ನೋಡಿದ್ದನ್ನು ನಾನೇ ಕಂಡಿದ್ದೇನೆ. ಎರಡೂ ಊರಿನವರಿಗೆ ಪರಸ್ಪರ ಪೈಪೋಟಿ. ಯಾರು ಯಾವ ಕಾಳು ಹಾಕುತ್ತಾರೆ, ಯಾವ ಔಷಧ ಕೊಡುತ್ತಾರೆ ಎಂಬುದು ಪರಮ ರಹಸ್ಯ.

ಈ ರಹಸ್ಯವನ್ನು ಒಡೆಯಲು ಹೊರಟವನು ಶಿವಮಲ್ಲು. ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸ, ನಂಜನಗೂಡಿನಲ್ಲಿ ಬಾಡಿಗೆ ಮನೆ, ಮಾಳಿಗೆಯ ಮೇಲೆ ಇಪ್ಪತ್ತು ಹಕ್ಕಿ. ವಾಟ್ಸಾಪ್ ಗುಂಪಿನಲ್ಲಿ ಪ್ರತಿದಿನ ಕೇಳಿದ್ದೇ ಪ್ರಶ್ನೆ, ಹೇಳಿದ್ದೇ ಉತ್ತರ ನೋಡಿ ಬೇಸತ್ತು, ಇಂಟರ್‌ನೆಟ್‌ನಲ್ಲಿ ಕನ್ನಡದ ಒಂದು ವಿಶ್ವಕೋಶ ತೆರೆದ. ಅದಕ್ಕೆ 'ಗೂಡು' ಎಂದು ಹೆಸರಿಟ್ಟ. ಯಾರು ಬೇಕಾದರೂ ಹೆಸರು ನೋಂದಾಯಿಸಿ ಹೊಸ ಪುಟ ಬರೆಯಬಹುದು, ಬೇರೆಯವರು ಬರೆದದ್ದನ್ನು ತಿದ್ದಬಹುದು. ಪ್ರತಿ ಪುಟಕ್ಕೂ 'ಇತಿಹಾಸ' ಎಂಬ ಒಂದು ಕೊಂಡಿ ಇರುತ್ತದೆ. ಒತ್ತಿದರೆ ಯಾರು, ಯಾವ ದಿನ, ಏನು ಬದಲಾಯಿಸಿದರು ಎಂಬುದೆಲ್ಲ ಸಾಲುಸಾಲಾಗಿ ಕಾಣುತ್ತದೆ.

ಮೊದಲ ವರ್ಷ ಅದು ವಿಶ್ವಕೋಶಕ್ಕಿಂತ ಹೆಚ್ಚಾಗಿ ಜಗಳದ ಕಟ್ಟೆಯಾಗಿತ್ತು. ಬಿಳಿ ರೆಕ್ಕೆಯ ಒಂದು ತಳಿ ಮೊದಲು ಯಾರ ಗೂಡಿನಲ್ಲಿ ಹುಟ್ಟಿತೆಂದು ನರಸೀಪುರದವರು ಬರೆದರೆ, ಅರ್ಧ ಗಂಟೆಯಲ್ಲಿ ನಂಜನಗೂಡಿನವರು ಅಳಿಸುತ್ತಿದ್ದರು. ಆ ಒಂದು ಪುಟದ ಇತಿಹಾಸ ನೂರು ಸಾಲು ದಾಟಿತ್ತು. ಆದರೂ ಜಗಳದ ನಡುವೆ ಒಳ್ಳೆಯ ಪುಟಗಳು ಹುಟ್ಟಿದವು. ಗೂಡಿನ ಬಾಗಿಲು ಯಾವ ದಿಕ್ಕಿಗಿರಬೇಕು, ಗಿಡುಗ ಯಾವ ತಿಂಗಳಲ್ಲಿ ಹೊಳೆ ಕಡೆಯಿಂದ ಬರುತ್ತದೆ, ದಾರಿ ತಪ್ಪಿದ ಹಕ್ಕಿ ಸಿಕ್ಕರೆ ಯಾರಿಗೆ ತಿಳಿಸಬೇಕು, ಹೀಗೆ. ಮೂವತ್ತು ವರ್ಷ ಬಾಯಿ ಬಿಡದವರು ಬೆರಳಾಡಿಸಿ ಬರೆದರು.

ರೋಗಗಳ ಬಗ್ಗೆ ಬರೆಯಲು ಶಿವಮಲ್ಲು ನನ್ನನ್ನು ಕೇಳಿದ. ಹಿಗ್ಗಿದೆ ಎಂದು ಒಪ್ಪಿಕೊಳ್ಳಲು ಸಂಕೋಚವಿಲ್ಲ. ಸರ್ಕಾರಿ ವರದಿಗಳನ್ನು ಬಿಟ್ಟರೆ ನಾನು ಬರೆದದ್ದನ್ನು ಯಾರೂ ಓದಿದವರಿಲ್ಲ. ಎರಡು ತಿಂಗಳಲ್ಲಿ ಹನ್ನೊಂದು ಪುಟ ಬರೆದೆ. ಅದರಲ್ಲಿ ಒಂದು, ಹಕ್ಕಿಯ ಗಂಟಲಲ್ಲಿ ಹಳದಿ ಗಡ್ಡೆ ಕಟ್ಟುವ ರೋಗದ್ದು. ಅದಕ್ಕೊಂದು ಪುಡಿ ಇದೆ, ಕುಡಿಯುವ ನೀರಿಗೆ ಬೆರೆಸಿ ಕೊಡುವಂಥದ್ದು. ಲೀಟರಿಗೆ ಎಷ್ಟು ಎಂಬ ಲೆಕ್ಕವನ್ನು ಕೋಳಿಗಳ ಕೈಪಿಡಿಯಿಂದ ತೆಗೆದು ಬರೆದೆ. ಆ ಪುಡಿಯ ಹೆಸರನ್ನೂ ಪ್ರಮಾಣವನ್ನೂ ಇಲ್ಲಿ ಬೇಕೆಂದೇ ಬಿಟ್ಟಿದ್ದೇನೆ.

ಶಿವಮಲ್ಲು ನನ್ನ ಪುಟಗಳ ನೆತ್ತಿಯ ಮೇಲೆ 'ಡಾಕ್ಟರ್ ಸಾಹೇಬರು ಬರೆದದ್ದು' ಎಂದು ದಪ್ಪಕ್ಷರದಲ್ಲಿ ಹಾಕಿದ. ದಿನಾ ಬೆಳಿಗ್ಗೆ ಕಾಫಿಯ ಜೊತೆ ಆ ಪುಟಗಳನ್ನು ತೆರೆದು ನೋಡುವುದು ನನಗೆ ಚಟವಾಯಿತು. ಬೇರೆ ಪುಟಗಳ ಇತಿಹಾಸದಲ್ಲಿ ಹತ್ತಾರು ಹೆಸರು. ನನ್ನ ಪುಟಗಳಲ್ಲಿ ನನ್ನದೊಂದೇ. ಎಂಟು ತಿಂಗಳು ಯಾರೂ ಒಂದಕ್ಷರ ಮುಟ್ಟಲಿಲ್ಲ. ಬಾಗಿಲಿನ ದಿಕ್ಕಿಗೆ ಕಚ್ಚಾಡುವ ಜನ ನನ್ನ ಮಾತಿಗೆ ಎದುರಾಡುತ್ತಿಲ್ಲವೆಂದರೆ ಅದು ಅಷ್ಟು ಸರಿಯಾಗಿದೆ ಎಂದೇ ಅರ್ಥ ಮಾಡಿಕೊಂಡೆ. ಮನೆಯಾಕೆಗೂ ಒಂದೆರಡು ಸಲ ಹೇಳಿಕೊಂಡೆ.

ಮರುವರ್ಷ ಏಪ್ರಿಲ್‌ನ ಒಂದು ಮಧ್ಯಾಹ್ನ ನಲವತ್ತೈದರ ಆಸುಪಾಸಿನ ಹೆಂಗಸೊಬ್ಬರು ತೂತು ಕೊರೆದ ಬಿಸ್ಕೆಟ್ಟಿನ ರಟ್ಟಿನ ಪೆಟ್ಟಿಗೆಯನ್ನು ಎದೆಗವಚಿಕೊಂಡು ಬಂದರು. ಹೆಸರು ರತ್ನಮ್ಮ. ಹುಲ್ಲಹಳ್ಳಿ ಬಸ್ ನಿಲ್ದಾಣದ ಹತ್ತಿರ ಇಡ್ಲಿ, ಚಿತ್ರಾನ್ನದ ಪುಟ್ಟ ಹೋಟೆಲು. ನಂಜನಗೂಡಿನಲ್ಲಿ ಬಸ್ ಬದಲಾಯಿಸಿ ಬಿಸಿಲಲ್ಲಿ ಅಷ್ಟು ದೂರ ಬಂದಿದ್ದರು. ಪೆಟ್ಟಿಗೆಯಲ್ಲಿ ಮೂರು ಪಾರಿವಾಳ. ಒಂದರ ಕತ್ತು ತಿರುಚಿಕೊಂಡಿತ್ತು, ಇನ್ನೊಂದು ಎದ್ದು ನಿಲ್ಲಲು ಹೋಗಿ ಮಗ್ಗುಲಿಗೆ ಬೀಳುತ್ತಿತ್ತು. ಬೂದು ಬಣ್ಣದ ಹೆಣ್ಣೊಂದು ಮಾತ್ರ ಕಣ್ಣು ತೆರೆದು ನನ್ನನ್ನೇ ನೋಡುತ್ತಿತ್ತು.

"ಇದ್ದುದ್ದೇ ಒಂಬತ್ತು ಸಾ. ನಿನ್ನೆ ಸಂದೇವರ್ಗೂ ಚೆನ್ನಾಗೇ ಇದ್ವು. ಈ ಬೂದಿದು ಎರಡು ಮರಿ ಗೂಡಲ್ಲವೆ. ಇದೊಂದ್ನಾರ ಉಳ್ಸಿಕೊಡಿ," ಎಂದರು.

ಕತ್ತು ತಿರುಚುವುದಕ್ಕೆ ವೈರಸ್ ರೋಗವೊಂದು ಕಾರಣವಾಗಬಹುದು. ಔಷಧ ಹೆಚ್ಚಾದರೂ ಹೀಗೇ ಆಗುತ್ತದೆ. ಏನಾದರೂ ಕೊಟ್ಟಿದ್ದೀರಾ ಎಂದು ಕೇಳಿದೆ. ಒಂದು ಹಕ್ಕಿಯ ಗಂಟಲಲ್ಲಿ ಹಳದಿ ಗಡ್ಡೆ ಕಂಡಿತೆಂದು ಎಲ್ಲಕ್ಕೂ ನೀರಿಗೆ ಪುಡಿ ಬೆರೆಸಿ ಇಟ್ಟೆ ಎಂದರು. ಎಷ್ಟು ಬೆರೆಸಿದಿರಿ ಎಂದು ಕೇಳಿ, ಉತ್ತರ ಕೇಳಿದ ತಕ್ಷಣ ನನಗೆ ಸಿಟ್ಟು ನೆತ್ತಿಗೇರಿತು.

"ಈ ಬಿಸಿಲಲ್ಲಿ, ಮರಿ ಇರೋ ಹಕ್ಕಿಗೆ ಇಷ್ಟೊಂದಾ? ಯಾವ ಪುಣ್ಯಾತ್ಮ ಹೇಳಿಕೊಟ್ಟನಮ್ಮ ನಿಮಗೆ?"

ರತ್ನಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಮೊಬೈಲು ತೆಗೆದರು. ಪುಟ ತೆರೆದೇ ಇತ್ತು. ನೆತ್ತಿಯ ಮೇಲೆ ದಪ್ಪಕ್ಷರ, ಅದರ ಕೆಳಗೆ ನನ್ನ ಹೆಸರು.

"ನೀವು ಬರ್ದಿದ್ದಂಗೇ ಅಳತೆ ಮಾಡಿ ಆಕ್ದೆ ಸಾ. ಒಂದು ಕಾಳಷ್ಟೂ ಎಚ್ಗೆ ಆಕ್ಲಿಲ್ಲ," ಎಂದರು. ಅವರ ದನಿಯಲ್ಲಿ ದೂರು ಇರಲಿಲ್ಲ. ತಾನು ಅಳತೆ ತಪ್ಪಿಲ್ಲ ಎಂದು ನನ್ನನ್ನು ನಂಬಿಸಬೇಕಿತ್ತು, ಅಷ್ಟೆ.

ಮೂವತ್ತು ವರ್ಷದ ಸೇವೆಯಲ್ಲಿ ನನಗೆ ಅಷ್ಟು ನಾಚಿಕೆಯಾದ ಇನ್ನೊಂದು ಗಳಿಗೆ ನೆನಪಿಲ್ಲ. ವಿಷಯ ಇಷ್ಟೇ. ಪಾರಿವಾಳಗಳು ಮರಿಗೆ ಗಂಟಲ ಕೆಳಗಿನ ತಮ್ಮ ಮೇವುಚೀಲದಲ್ಲಿ ಊರುವ ಹಾಲಿನಂಥ ಪದಾರ್ಥವನ್ನೂ, ನೆನೆದ ಕಾಳನ್ನೂ ಕಕ್ಕಿ ಉಣಿಸುತ್ತವೆ. ಗಂಡೂ ಉಣಿಸುತ್ತದೆ, ಹೆಣ್ಣೂ ಉಣಿಸುತ್ತದೆ. ಅದಕ್ಕಾಗಿ ಆ ದಿನಗಳಲ್ಲಿ ಅವು ಕುಡಿಯುವ ನೀರು ತುಂಬಾ ಹೆಚ್ಚು. ಮೇಲೆ ಏಪ್ರಿಲ್ ಬಿಸಿಲು. ಲೀಟರಿಗೆ ಬೆರೆಸಿದ ಔಷಧ ಸರಿಯಿದ್ದರೂ ಹೊಟ್ಟೆಗೆ ಹೋಗುವುದು ಅದರ ಎಷ್ಟೋ ಪಟ್ಟು. ಕೋಳಿ ಮರಿಗೆ ಕಕ್ಕಿ ಉಣಿಸುವುದಿಲ್ಲ. ಕೋಳಿಯ ಕೈಪಿಡಿಯಲ್ಲಿ ಆ ಎಚ್ಚರಿಕೆ ಇರಲಿಲ್ಲ, ನಾನೂ ಯೋಚಿಸಲಿಲ್ಲ. ಅವರನ್ನು ಗದರುವಾಗ ಹೊಳೆದದ್ದು ಬರೆಯುವಾಗ ಹೊಳೆದಿರಲಿಲ್ಲ.

ಔಷಧ ನಿಲ್ಲಿಸಿ, ಹಕ್ಕಿಗಳನ್ನು ತಂಪಿನ ಕತ್ತಲೆಯಲ್ಲಿಟ್ಟು, ಬರೀ ನೀರನ್ನು ತೊಟ್ಟುತೊಟ್ಟಾಗಿ ಕೊಕ್ಕಿಗೆ ಬಿಡುವುದೊಂದೇ ದಾರಿ. ರತ್ನಮ್ಮ ಬೂದಿಯನ್ನು ಹಿಡಿದುಕೊಂಡರು, ನಾನು ಉಳಿದೆರಡನ್ನು. ಕೈ ಬಿಡುವಾದಾಗ ಮೊಬೈಲಿನಲ್ಲಿ ಆ ಪುಟ ತೆರೆದು, ಪ್ರಮಾಣದ ಸಾಲನ್ನು ಅಳಿಸಿ, 'ಈ ಪುಟ ನಂಬಬೇಡಿ, ತಪ್ಪಿದೆ' ಎಂದು ಬರೆದೆ. ಸಂಜೆ ಐದರೊಳಗೆ ನನ್ನ ಕೈಯಲ್ಲಿದ್ದ ಎರಡೂ ಹೋದವು. ಅದರಲ್ಲೊಂದು ಬೂದಿಯ ಜೋಡಿ, ಆ ಮರಿಗಳ ಅಪ್ಪ.

ಬೂದಿ ಬದುಕಿತ್ತು, ಆದರೆ ಮರಿಗೆ ಉಣಿಸುವ ಸ್ಥಿತಿಯಲ್ಲಿರಲಿಲ್ಲ. ನನ್ನ ಬೈಕಿನಲ್ಲಿ ರತ್ನಮ್ಮನನ್ನು ನಂಜನಗೂಡಿನ ಬಸ್ಸಿಗೆ ಬಿಟ್ಟೆ. ಮರುದಿನ ಕೆಲಸ ಮುಗಿಸಿ ಹುಲ್ಲಹಳ್ಳಿಗೆ ಹೋದೆ. ಗೂಡಿನಲ್ಲಿ ಉಳಿದಿದ್ದ ಆರು ಹಕ್ಕಿಗಳು ಚೆನ್ನಾಗಿದ್ದವು. ನೆನೆಸಿ ಮೆತ್ತಗಾದ ಬಟಾಣಿಯನ್ನು ಒಂದೊಂದಾಗಿ ಮರಿಯ ಬಾಯಿಗಿಡುವುದು ಹೇಗೆಂದು ತೋರಿಸಿದೆ. ತೋರಿಸಿದೆ ಎನ್ನುವುದು ದೊಡ್ಡ ಮಾತು. ನನ್ನ ದಪ್ಪ ಬೆರಳಿಗಿಂತ ಆಕೆಯ ಬೆರಳು ಚುರುಕಾಗಿತ್ತು. ಎರಡನೆಯ ಮರಿಗೆ ನನ್ನನ್ನು ಪಕ್ಕಕ್ಕೆ ಸರಿಸಿ ತಾನೇ ಉಣಿಸಿದರು.

ಭಾನುವಾರ ನರಸೀಪುರದ ಚಿಕ್ಕಣ್ಣನ ಅಂಗಡಿಗೆ ಹೋದೆ. ಚಿಕ್ಕಣ್ಣನದು ಸೈಕಲ್ ರಿಪೇರಿ ಅಂಗಡಿ. ನಲವತ್ತು ವರ್ಷದಿಂದ ಹಕ್ಕಿ ಸಾಕಿದವರು. ಭಾನುವಾರ ಎರಡೂ ಊರಿನ ಹತ್ತು ಹನ್ನೆರಡು ಜನ ಅಲ್ಲಿ ಟೀ ಕುಡಿಯುತ್ತಾ ಕೂರುತ್ತಿದ್ದರು. ಶಿವಮಲ್ಲುವೂ ಬಂದಿದ್ದ. ನಡೆದದ್ದನ್ನೆಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಅವರಿಗೆ ಆಶ್ಚರ್ಯವೂ ಆಗಿರಲಿಲ್ಲ ಎಂಬುದು ನನಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು.

"ನಿಮಗೆ ಗೊತ್ತಿತ್ತಾ?" ಎಂದೆ.

ಚಿಕ್ಕಣ್ಣ ಕೈಯಲ್ಲಿದ್ದ ಪಾನಾ ಕೆಳಗಿಟ್ಟರು. "ಮರಿ ಇರೋ ಜೋಡಿಗೆ ಬ್ಯಾಸ್ಗೇಲಿ ಅದ್ನ ನೀರ್ಗಾಕ್ಬಾರ್ದು ಅಂತ ನಮ್ಗೆಲ್ಲಾ ಗೊತ್ತು ಸಾ. ನಾವ್ಯಾರೂ ಆಕಲ್ಲ."

"ಮತ್ತೆ ಪುಟ ಯಾಕೆ ತಿದ್ದಲಿಲ್ಲ?"

"ನೀವು ಡಾಕ್ಟ್ರು. ನಿಮ್ಮೆಸ್ರು ಅದೆ. ನೀವು ಬರ್ದಿದ್ದುನ್ನ ನಾನು ತಿದ್ದಕ್ಕೋದ್ರೆ ಏನ್ ಚೆಂದಾಗಿರ್ತದೆ ಏಳಿ. ಇಲ್ಲಿಗೆ ಬಂದೋರ್ಗೆಲ್ಲಾ ಬಾಯಲ್ಲಿ ಏಳ್ಬುಟ್ಟಿದ್ದೋ."

ಶಿವಮಲ್ಲು ತಲೆ ತಗ್ಗಿಸಿ, ತಾನು ಒಮ್ಮೆ ತಿದ್ದುಪಡಿ ಟೈಪ್ ಮಾಡಿ, ಕೊನೆಯ ಗುಂಡಿ ಒತ್ತದೆ ಅಳಿಸಿಬಿಟ್ಟೆ ಎಂದ. ಉಳಿದವರೂ ಗುಂಡಿಯವರೆಗೆ ಹೋಗದಿದ್ದರೂ ಮನಸ್ಸಿನಲ್ಲಿ ಅದೇ ಮಾಡಿದ್ದರು. ನನ್ನ ಹನ್ನೊಂದು ಪುಟಗಳಲ್ಲಿ ತಪ್ಪಿದ್ದವು ಮೂರು ಎಂದು ಆ ದಿನ ಟೀ ಲೋಟದ ಮುಂದೆ ಗೊತ್ತಾಯಿತು. ಆ ಗುಂಪಿನ ಪ್ರತಿಯೊಬ್ಬನಿಗೂ ಯಾವ ಸಾಲು ಬಿಟ್ಟು ಓದಬೇಕೆಂದು ತಿಳಿದಿತ್ತು. ತಿಳಿಯದೇ ಹೋದದ್ದು ಹುಲ್ಲಹಳ್ಳಿಯ ಒಬ್ಬ ಹೆಂಗಸಿಗೆ. ಗಂಡಸರು ಕೂತು ಟೀ ಕುಡಿಯುವ ಆ ಬೆಂಚಿಗೆ ಆಕೆ ಬಂದವಳಲ್ಲ, ಬಾ ಎಂದು ಕರೆದವರೂ ಇರಲಿಲ್ಲ. ಆಕೆಗಿದ್ದದ್ದು ಆ ಪುಟ ಒಂದೇ.

ನನಗೆ ಅವರ ಮೇಲೆ ಬಂದ ಕೋಪ ಬೇಗ ಇಳಿಯಿತು. ನನ್ನ ಮೇಲಿನದು ಇಂದಿಗೂ ಪೂರ್ತಿ ಇಳಿದಿಲ್ಲ. ಎದುರಾಡದ ಜನರ ಮೌನವನ್ನು ಎಂಟು ತಿಂಗಳು ಕಾಫಿಯ ಜೊತೆ ಸವಿದವನು ನಾನು.

ಪುಟವನ್ನು ನಾನೇ ತಿದ್ದಿ ಬರೆಯಬಹುದಿತ್ತು. ಆದರೆ ಇತಿಹಾಸದಲ್ಲಿ ಮತ್ತೆ ನನ್ನ ಹೆಸರೇ ಬರುತ್ತದೆ, ಮತ್ತೆ ಯಾರೂ ಮುಟ್ಟುವುದಿಲ್ಲ. ನೀವು ಬರೆಯಿರಿ ಎಂದು ಚಿಕ್ಕಣ್ಣನನ್ನು ಕೇಳಿದೆ, ಬೇಡ ಸಾ ಎಂದರು. ನೀವು ಹೇಳಿ, ನಾನು ಟೈಪ್ ಮಾಡುತ್ತೇನೆ ಎಂದು ಶಿವಮಲ್ಲು ಹೇಳಿದರೂ ಅವರು ಒಪ್ಪಲಿಲ್ಲ. ಮೂರು ವಾರ ಹಾಗೇ ಕಳೆಯಿತು. ಬೂದಿಯನ್ನು ನೋಡಲು ಹುಲ್ಲಹಳ್ಳಿಗೆ ಹೋದಾಗ ಬೇಸರದಿಂದ ಇದನ್ನು ರತ್ನಮ್ಮನ ಮುಂದೆ ಹೇಳಿದೆ.

"ನಾನು ತಿದ್ದಬೋದಾ ಸಾ?" ಎಂದರು.

ಗಿರಾಕಿಗಳಿಗೆ ಇಡ್ಲಿ ಕೊಡುವ ನಡುವೆಯೇ ಹೆಸರು ನೋಂದಾಯಿಸಿ, ಮೂರು ವಾಕ್ಯ ಬರೆದರು: 'ಬೇಸಿಗೆಯಲ್ಲಿ ಮರಿ ಇರುವ ಜೋಡಿಗೆ ಇದನ್ನು ನೀರಿನಲ್ಲಿ ಕೊಡಬೇಡಿ. ನಾನು ಕೊಟ್ಟೆ. ಎರಡು ಸತ್ತವು.'

ಅಂದು ಸಂಜೆಯೇ ಚರ್ಚೆ ಶುರುವಾಯಿತು. ಪುಟದಲ್ಲಿ ಯಾರೂ 'ನಾನು' ಎಂದು ಬರೆಯಬಾರದು ಎಂಬುದು 'ಗೂಡಿ'ನ ನಿಯಮ. ವಿಶ್ವಕೋಶದಲ್ಲಿ ಸ್ವಂತ ಕಥೆಗೆ ಜಾಗವಿಲ್ಲ, ಆ ಎರಡು ವಾಕ್ಯ ತೆಗೆಯಬೇಕು ಎಂದು ನಂಜನಗೂಡಿನವರೊಬ್ಬರು ಬರೆದರು. ಅವರು ಹೇಳಿದ್ದು ನಿಯಮದ ಪ್ರಕಾರ ಸರಿ. ಅದಕ್ಕೆ ಉತ್ತರ ಬರೆದವರು ಚಿಕ್ಕಣ್ಣ. ಅದು ಅವರು ಜೀವನದಲ್ಲಿ ಟೈಪ್ ಮಾಡಿದ ಮೊದಲ ಸಾಲು ಎಂದು ಆಮೇಲೆ ತಿಳಿಯಿತು: 'ಅಮ್ಮನ ಮಾತು ಇರಲಿ. ನಮಗೆ ಗೊತ್ತಿದ್ದೂ ಬರೆಯಲಿಲ್ಲ.' ಅದರ ಮೇಲೆ ವಾದ ನಡೆಯಲಿಲ್ಲ. ಆ ವಾರ ಅದೇ ಪುಟಕ್ಕೆ ಒಂಬತ್ತು ಜನ ಕೈ ಹಾಕಿದರು. ಬೇರೆ ಪುಟಗಳಲ್ಲಿದ್ದ ನನ್ನ ಇನ್ನೆರಡು ತಪ್ಪುಗಳನ್ನೂ ತಿದ್ದಿದರು. ದಪ್ಪಕ್ಷರದ 'ಡಾಕ್ಟರ್ ಸಾಹೇಬರು' ತೆಗೆಸಿದ್ದು ಮಾತ್ರ ನಾನು.

ಬೂದಿಯ ಮರಿಗಳಲ್ಲಿ ಒಂದು ಬದುಕಿತು. ರತ್ನಮ್ಮ ಮುಂದಿನ ವರ್ಷದ ಪಂದ್ಯಕ್ಕೆ ಅದನ್ನು ಬಿಟ್ಟರು. ಗೆಲ್ಲಲಿಲ್ಲ, ಮಧ್ಯಾಹ್ನಕ್ಕೇ ಇಳಿದುಬಿಟ್ಟಿತು. ಈಗ ಭಾನುವಾರ ಚಿಕ್ಕಣ್ಣನ ಅಂಗಡಿಯ ಬೆಂಚಿನಲ್ಲಿ ಅವರಿಗೂ ಒಂದು ಜಾಗವಿದೆ.

ನಾನು ನಿವೃತ್ತನಾಗಿದ್ದೇನೆ. 'ಗೂಡಿ'ಗೆ ಈಗಲೂ ಬರೆಯುತ್ತೇನೆ. ಕೆಲಸ ಕಲಿಸಿದ ಪಾಠ ದೊಡ್ಡದೇನಲ್ಲ: ಗೌರವದಿಂದ ಸುಮ್ಮನಿರುವವರನ್ನು ಒಪ್ಪಿದವರೆಂದು ಲೆಕ್ಕ ಹಾಕಬಾರದು. ತಪ್ಪು ತೋರಿಸಲು ಜನ ಹೆದರುವಂತೆ ಬದುಕಿದ ವೈದ್ಯ ತನಗೆ ಗೊತ್ತಿಲ್ಲದೆಯೇ ಅಪಾಯಕಾರಿ. ಅದಕ್ಕೇ ಹೊಸ ಪುಟ ಬರೆದಾಗಲೆಲ್ಲ ಮೊದಲು ರತ್ನಮ್ಮನಿಗೆ ಫೋನ್ ಮಾಡಿ ಓದಿಹೇಳುತ್ತೇನೆ. ಹೋದ ತಿಂಗಳು ಒಂದು ಪುಟ ಪೂರ್ತಿ ಕೇಳಿ, "ಎಲ್ಲಾ ಸರಿಯಾಗದೆ ಸಾ," ಎಂದರು.

"ನನ್ನ ಮುಲಾಜಿಗೆ ಹೇಳ್ತಾ ಇದೀರೇನಮ್ಮ?" ಎಂದೆ.

"ಇನ್ನೊಂದ್ಸಲ ಓದಿ," ಎಂದರು. "ಆ ಮೂರನೇ ಸಾಲು ನಂಗೆ ಒಪ್ಗೆ ಆಗ್ಲಿಲ್ಲ."