ನನ್ನ ಕೈಗೆ ಮಾತ್ರ ಸ್ಟಾರ್ಟ್ ಆಗದ ಕಾರು

ಒಮಾನಿನಲ್ಲಿ ನನಗೆ ಡ್ರೈವಿಂಗ್ ಲೈಸೆನ್ಸ್ ಸಿಕ್ಕಿದ್ದು ನಲವತ್ತೊಂದನೆಯ ವಯಸ್ಸಿನಲ್ಲಿ, ಐದನೆಯ ಸಲದ ರೋಡ್ ಟೆಸ್ಟಿನಲ್ಲಿ. ಮೊದಲ ನಾಲ್ಕು ಸಲವೂ ಪಕ್ಕದ ಸೀಟಿನ ಅಧಿಕಾರಿ ಬಹಳ ಮರ್ಯಾದೆಯಿಂದಲೇ ನನ್ನನ್ನು ನಪಾಸು ಮಾಡಿ ಇಳಿಸಿದ್ದರು. ಲೈಸೆನ್ಸ್ ಬಂದ ವಾರವೇ ಗಂಡ ತಮ್ಮ ಹಳೆಯ ಕಾರಿನ ಕೀಲಿ ನನ್ನ ಕೈಗಿಟ್ಟರು. ಅವರಿಗೆ ಆಗಷ್ಟೇ ಕಂಪನಿಯ ಗಾಡಿ ಸಿಕ್ಕಿತ್ತು.

ನಾವಿರುವುದು ಅಲ್ ಅಮೇರಾತ್‌ನಲ್ಲಿ. ನನ್ನ ಕೆಲಸ ರೂವಿಯ ಒಂದು ಕ್ಲಿನಿಕ್ಕಿನ ಲ್ಯಾಬಿನಲ್ಲಿ, ರಕ್ತ ತೆಗೆದು ಪರೀಕ್ಷೆ ಮಾಡುವುದು. ಹನ್ನೊಂದು ವರ್ಷ ಟ್ಯಾಕ್ಸಿ, ಬಸ್ಸು, ಯಾರದೋ ಕಾರಿನ ಹಿಂದಿನ ಸೀಟು ಎಂದು ಓಡಾಡಿದವಳು ನಾನು. ಎರಡರ ನಡುವಿನ ಬೆಟ್ಟದ ರಸ್ತೆಯಲ್ಲಿ ಮೊದಲ ದಿನ ಒಬ್ಬಳೇ ಓಡಿಸಿಕೊಂಡು ಕ್ಲಿನಿಕ್ ತಲುಪಿದಾಗ, ಎಂಜಿನ್ ಆಫ್ ಮಾಡಿದ ಮೇಲೂ ಎರಡು ನಿಮಿಷ ಸುಮ್ಮನೆ ನಗುತ್ತ ಕೂತಿದ್ದೆ.

ಎರಡು ತಿಂಗಳು ಕಾರು ಚೆನ್ನಾಗಿ ನಡೆಯಿತು. ಆಮೇಲೆ ಬ್ಯಾಟರಿ ಹಳೆಯದಾಯಿತು. ಗಂಡ ಹೊಸದು ತಂದು, ಒಂದು ಶುಕ್ರವಾರ ಮನೆಯ ಮುಂದಿನ ಶೆಡ್ಡಿನಲ್ಲಿ ತಾವೇ ಹಾಕಿದರು. ಹಳೆಯ ಬ್ಯಾಟರಿಯಿಂದ ಆ್ಯಸಿಡ್ ಸೋರಿ ಅದರ ಕೆಳಗಿನ, ಪಕ್ಕದ ತಗಡೆಲ್ಲ ತುಕ್ಕು ಹಿಡಿದಿತ್ತು. ಅಲ್ಲಿಯ ಬೋಲ್ಟು ಬಿಚ್ಚಿ, ತಗಡು ಉಜ್ಜಿ, ಬಾಲ್ಕನಿಯ ಗ್ರಿಲ್ಲಿಗೆ ಹೊಡೆದು ಉಳಿದಿದ್ದ ಕಪ್ಪು ಪೇಂಟ್ ಬಳಿದರು. ಸಂಜೆ ನನ್ನನ್ನು ಕರೆದು ಬಾನೆಟ್ ಎತ್ತಿ ತೋರಿಸಿದರು. ನಿಜವಾಗಿಯೂ ಚೆನ್ನಾಗಿ ಕಾಣುತ್ತಿತ್ತು. ನಾನೂ ಮನಸಾರೆ ಹೊಗಳಿದೆ.

ಮೂರನೆಯ ದಿನ ಮಧ್ಯಾಹ್ನ ರೂವಿಯ ಪಾರ್ಕಿಂಗಿನಲ್ಲಿ ಕೀಲಿ ತಿರುಗಿಸಿದರೆ ಬರೀ 'ಟಿಕ್' ಎಂದಿತು. ಮತ್ತೆ ತಿರುಗಿಸಿದೆ, ಮತ್ತೆ ಟಿಕ್. ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಮಂಕಾಗಿ, ಗಡಿಯಾರ ತನ್ನಷ್ಟಕ್ಕೆ ಸೊನ್ನೆಗೆ ಹೋಯಿತು. ಪಕ್ಕದಲ್ಲಿ ಕಾರು ನಿಲ್ಲಿಸುತ್ತಿದ್ದ ಒಮಾನಿ ಹಿರಿಯರೊಬ್ಬರು ಕಿಟಕಿಯ ಹತ್ತಿರ ಬಂದು ಕಿವಿಗೊಟ್ಟು ಕೇಳಿ, "ಬ್ಯಾಟರಿ ಖಲಾಸ್!" ಎಂದು ತೀರ್ಪು ಕೊಟ್ಟರು. ಮೂರು ದಿನದ ಬ್ಯಾಟರಿ ಹೇಗೆ ಖಲಾಸ್ ಆಗುತ್ತದೆ? ಗಂಡನಿಗೆ ಫೋನ್ ಮಾಡಿದೆ. ಅವರ ಆಫೀಸೂ ರೂವಿಯಲ್ಲೇ. ನಡೆದುಕೊಂಡೇ ಬಂದರು. ಬಾನೆಟ್ ಎತ್ತಿ, ಸೊಂಟಕ್ಕೆ ಕೈಯಿಟ್ಟು ಒಂದು ನಿಮಿಷ ಒಳಗೆ ನೋಡಿದರು. ಆಮೇಲೆ ಧಡ್ ಎಂದು ಮುಚ್ಚಿ, ಕೂತು ಕೀಲಿ ತಿರುಗಿಸಿದರು. ಎಂಜಿನ್ ಹಾಡುತ್ತ ಎದ್ದಿತು.

"ಎಂತದೂ ಆಗ್ಲಿಲ್ವಲ್ಲ ಮಾರಾಯ್ತಿ," ಎಂದರು. "ಗೇರ್ ಪಾರ್ಕಿನಲ್ಲಿ ಇತ್ತಾ?"

"ಇತ್ತು."

"ಸರಿಯಾಗಿ ನೋಡಿದ್ಯಾ?"

ನಮ್ಮದು ಆಟೊಮ್ಯಾಟಿಕ್ ಕಾರು, ಗೇರ್ ಓಡುವ ಸ್ಥಾನದಲ್ಲಿದ್ದರೆ ಸ್ಟಾರ್ಟ್ ಆಗುವುದಿಲ್ಲ. ಅಲ್ಲಿಂದ ಶುರುವಾಯಿತು. ಕೆಲವು ದಿನ ಸರಿಯಾಗಿದ್ದು, ಇನ್ನು ಕೆಲವು ದಿನ ಎರಡೆರಡು ಸಲ ಕಾರು ಮುಷ್ಕರ ಹೂಡುತ್ತಿತ್ತು. ಒಮ್ಮೆ ಮಗಳ ಶಾಲೆಯ ಗೇಟಿನೆದುರೇ ಸ್ಟಾರ್ಟ್ ಆಗದೆ ನಿಂತಿತು. ಹಿಂದೆ ಹಾರ್ನುಗಳ ಮೇಳ. ಆರನೆಯ ಕ್ಲಾಸಿನ ಮಗಳು ಮೊಬೈಲಿನಿಂದ ತಲೆ ಎತ್ತದೆ, "ಅಮ್ಮಾ, ಆರ್ ಯು ಶೂರ್ ಇಟ್ಸ್ ಇನ್ ಪಾರ್ಕ್?" ಎಂದಳು. ಅಪ್ಪನ ಮಗಳೇ. ಅರ್ಧ ಗಂಟೆಯ ನಂತರ ಅಪ್ಪ ಬಂದರು, ಬಾನೆಟ್ ಎತ್ತಿದರು, ನೋಡಿದರು, ಮುಚ್ಚಿದರು. ಕಾರು ಸ್ಟಾರ್ಟ್ ಆಯಿತು.

ಗಂಡನಿಗೆ ಈಗ ಒಂದು ಸಿದ್ಧಾಂತವೇ ಹುಟ್ಟಿತ್ತು. "ನೀನು ಕೀಲಿ ತಿರುಗಿಸುವಾಗ ಹೆದರ್ತಿ ಅಂತ ಕಾಣ್ತದೆ. ಗಟ್ಟಿ ತಿರುಗಿಸ್ಬೇಕು. ನನ್ನ ಕೈಗೆ ಹೇಗೆ ಸ್ಟಾರ್ಟ್ ಆಗ್ತದೆ ನೋಡು."

ಅದು ಸುಳ್ಳೂ ಅಲ್ಲವಲ್ಲ! ಪ್ರತಿ ಸಲವೂ ಅವರ ಕೈಗೆ ಸ್ಟಾರ್ಟ್ ಆಗುತ್ತಲೇ ಇತ್ತು. ನಾಲ್ಕು ಸಲ ನಪಾಸಾದವಳಿಗೆ ತನ್ನ ಮೇಲೆಯೇ ಅನುಮಾನ ಬರಲು ಎಷ್ಟು ಹೊತ್ತು? ಒಂದೆರಡು ದಿನ ಕಾರು ಬಿಟ್ಟು ಟ್ಯಾಕ್ಸಿಯಲ್ಲೇ ಹೋದೆ.

ಕೊನೆಗೆ ಗ್ಯಾರೇಜಿಗೆ ಒಯ್ದೆವು. ಅಲ್ಲಿಯ ಎಲೆಕ್ಟ್ರಿಷಿಯನ್ ಪೇಶಾವರದ ಕಡೆಯವರು, ನೆರೆತ ಗಡ್ಡದ ನಿಧಾನಸ್ಥ. ಬಾನೆಟ್ ತೆರೆದು ಮೀಟರ್ ಹಿಡಿದು ಬ್ಯಾಟರಿ ನೋಡಿದರು. ಚಾರ್ಜ್ ಆಗುವುದನ್ನು ನೋಡಿದರು. ಬಾನೆಟ್ ಮುಚ್ಚಿ ಇಪ್ಪತ್ತು ಸಲ ಸ್ಟಾರ್ಟ್ ಮಾಡಿದರು. ಇಪ್ಪತ್ತು ಸಲವೂ ಕಾರು ಒಳ್ಳೆಯ ವಿದ್ಯಾರ್ಥಿಯ ಹಾಗೆ ಉತ್ತರ ಕೊಟ್ಟಿತು.

"ಬಾಜಿ, ಗಾಡಿ ಬಿಲ್ಕುಲ್ ಠೀಕ್ ಹೈ," ಎಂದು ನನಗೆ ಹೇಳಿ, ಗಂಡನ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಬಾಜಿ ನಯೀ ಡ್ರೈವರ್ ಹೈ ಕ್ಯಾ?"

ಅಕ್ಕ ಹೊಸ ಡ್ರೈವರಾ ಎಂದು! ಗಂಡಸರಿಬ್ಬರೂ ನಕ್ಕರು. ಮನೆಯಲ್ಲಿ ನಾವು ತುಳು ಆಡುವವರು. ಸಿಟ್ಟು ಬಂದಾಗ ಮಾತ್ರ ನಾನು ಕನ್ನಡಕ್ಕೆ ಹೊರಳುತ್ತೇನೆ. ಆ ದಿನ ಮನೆ ಮುಟ್ಟುವವರೆಗೂ ಕನ್ನಡವೇ ನಡೆಯಿತು.

ಮರುದಿನ ಲ್ಯಾಬಿನಲ್ಲಿ ಕೂತಿದ್ದಾಗ ಸಿಟ್ಟು ಇಳಿದು ಬುದ್ಧಿ ಓಡತೊಡಗಿತು. ಒಂದೇ ರಕ್ತ ಬೆಳಿಗ್ಗೆ ಒಂದು ಫಲಿತಾಂಶ, ಮಧ್ಯಾಹ್ನ ಇನ್ನೊಂದು ಕೊಟ್ಟರೆ ನಾವು ರೋಗಿಯನ್ನು ದೂರುವುದಿಲ್ಲ. ರಕ್ತ ತೆಗೆದ ಕ್ಷಣದಿಂದ ಏನೇನು ಮಾಡಿದೆವೆಂದು ಬರೆದು ನೋಡುತ್ತೇವೆ. ಹಾಗೆಯೇ ಒಂದು ಹಾಳೆ ತೆಗೆದು, ಕಾರು ಕೈಕೊಟ್ಟ ಎಲ್ಲ ಸಲಗಳನ್ನೂ ನೆನಪಿದ್ದಷ್ಟು ಬರೆದೆ. ಬಿಸಿಲಿತ್ತೇ, ಎಸಿ ಹಾಕಿತ್ತೇ, ಯಾರಿದ್ದರು, ಏನು ಮಾಡಿದ ಮೇಲೆ ಸ್ಟಾರ್ಟ್ ಆಯಿತು. ಬಿಸಿಲಿಗೂ ಎಸಿಗೂ ತಾಳಮೇಳ ಕಾಣಲಿಲ್ಲ. ಆದರೆ ಒಂದು ವಿಷಯ ಎಲ್ಲ ಸಾಲಿನಲ್ಲೂ ಇತ್ತು: ಸ್ಟಾರ್ಟ್ ಆಗುವ ಮೊದಲು ಯಾರೋ ಬಾನೆಟ್ ತೆರೆದು ಧಡ್ ಎಂದು ಮುಚ್ಚಿದ್ದರು. ಗ್ಯಾರೇಜಿನಲ್ಲೂ ಅಷ್ಟೇ. ನಾನು ಮಾತ್ರ ಒಮ್ಮೆಯೂ ಬಾನೆಟ್ ಮುಟ್ಟಿದವಳಲ್ಲ.

ಶುಕ್ರವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಕೀಲಿ ತಿರುಗಿಸಿದೆ. ಟಿಕ್! ಜೀವಮಾನದಲ್ಲಿ ಕಾರು ಕೆಟ್ಟದ್ದಕ್ಕೆ ಖುಷಿಪಟ್ಟದ್ದು ಅದೊಂದೇ ಸಲ. ಗಂಡ ಲುಂಗಿ ಎತ್ತಿಕಟ್ಟಿಕೊಂಡು ಬಾನೆಟ್ ಕಡೆ ಹೊರಟರು.

"ನಿಲ್ಲಿ," ಎಂದೆ. "ತೆರೀರಿ, ಬೇಕಾದಷ್ಟು ನೋಡಿ. ಆದ್ರೆ ಮುಚ್ಚುವಾಗ ಮಲಗಿದ ಮಗುವಿಗೆ ಹೊದಿಸಿದ ಹಾಗೆ ಮೆಲ್ಲಗೆ ಇಡ್ಬೇಕು."

ವಿಚಿತ್ರವಾಗಿ ನೋಡಿದರೂ ಹೇಳಿದಂತೆ ಮಾಡಿದರು. ಒಳಗೆ ಕೂತು ಅವರೇ ಕೀಲಿ ತಿರುಗಿಸಿದರು. ಟಿಕ್. ಇನ್ನೊಮ್ಮೆ, ಗಟ್ಟಿಯಾಗಿ. ಟಿಕ್.

"ಏನು, ಹೆದರಿದ್ರಾ?" ಎಂದು ಕೇಳಿದೆ. ಆಮೇಲೆ ನಾನೇ ಬಾನೆಟ್ ಎತ್ತಿ ಧಡ್ ಎಂದು ಬಡಿದೆ. "ಈಗ ತಿರುಗಿಸಿ." ಸ್ಟಾರ್ಟ್ ಆಯಿತು.

ಗಂಡ ಬಾಯಿ ತೆರೆದುಕೊಂಡೇ ಇಳಿದು ಬಂದರು. "ಹಾಗಾದ್ರೆ ಎಂತದೋ ಲೂಸ್ ಉಂಟು."

ಎಂಜಿನ್ ಆಫ್ ಮಾಡಿ ಹೆಡ್‌ಲೈಟ್ ಹಾಕಲು ಹೇಳಿದೆ. ಶೆಡ್ಡಿನ ನೆರಳಲ್ಲಿ ಎದುರಿನ ಗೋಡೆಯ ಮೇಲೆ ಬೆಳಕಿನ ಎರಡು ವೃತ್ತಗಳು ಬಿದ್ದವು. ಅಡುಗೆಮನೆಯಿಂದ ಮರದ ಸೌಟು ತಂದು, ಬಾನೆಟ್ ಎತ್ತಿ, ಒಂದೊಂದೇ ವಯರನ್ನು ಅಲುಗಾಡಿಸುತ್ತ ಹೋದೆ. ಗೋಡೆ ನೋಡುತ್ತಿರುವುದು ಅವರ ಕೆಲಸ. ಕೆಂಪು ವಯರು ಅಲುಗಿದಾಗ ಬೆಳಕಿಗೆ ಏನೂ ಆಗಲಿಲ್ಲ. ಬ್ಯಾಟರಿಯಿಂದ ಹೊರಟು ಕಾರಿನ ಮೈಗೆ ಬೋಲ್ಟ್ ಆಗಿರುವ ದಪ್ಪ ಕಪ್ಪು ವಯರನ್ನು ತಳ್ಳಿದೆ.

"ಹೋಯ್ತು!" ಎಂದು ಕೂಗಿದರು. "ಬಂತು! ಹೋಯ್ತು!"

ಹೆಡ್‌ಲೈಟ್ ಆರಿಸಿ, ಆ ಬೋಲ್ಟನ್ನು ಬಿಚ್ಚಿಸಿದೆ. ವಯರಿನ ತುದಿಯ ಲೋಹದ ಬಳೆ ತೆಗೆದರೆ ಅದರ ಕೆಳಗೆ ಕನ್ನಡಿಯಂತೆ ಮಿಂಚುವ ಕಪ್ಪು ಪೇಂಟ್. ಕರೆಂಟ್ ಹರಿಯಬೇಕಾದ ಲೋಹದ ಮೇಲೆಯೇ ದಪ್ಪನೆಯ ಪದರ! ಬಾನೆಟ್ ಬಡಿದಾಗ ಬಳೆ ಎಲ್ಲೋ ಒಂದು ಗೀರಿಗೆ ತಾಗಿ ಕೆಲಸ ಮಾಡುತ್ತಿತ್ತು, ಆಮೇಲೆ ಜರುಗಿ ಬಿಟ್ಟುಬಿಡುತ್ತಿತ್ತು.

"ಇಲ್ಲಿಗೆ ಯಾರು ಪೇಂಟ್ ಹೊಡೆದದ್ದು?" ಗೊತ್ತಿದ್ದೂ ಕೇಳಿದೆ.

ಗಂಡ ಸ್ಪ್ಯಾನರನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. "ತುಕ್ಕಿತ್ತು ಮಾರಾಯ್ತಿ. ಚಂದ ಕಾಣ್ಲಿ ಅಂತ..."

"ಕರೆಂಟಿಗೆ ಚಂದ ಎಂತಕ್ಕೆ?"

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಮರಳು ಕಾಗದದಿಂದ ಬಿಳಿ ಲೋಹ ಕಾಣುವವರೆಗೆ ಅವರೇ ಉಜ್ಜಿದರು, ಬೋಲ್ಟ್ ಬಿಗಿದರು. ನಾನು ಬಾನೆಟ್ಟನ್ನು ಮೆಲ್ಲಗೆ ಇಳಿಸಿ, ಒಳಗೆ ಕೂತು, ಬೇಕೆಂದೇ ಎರಡು ಬೆರಳಿನಲ್ಲಿ ಕೀಲಿ ತಿರುಗಿಸಿದೆ. ತಕ್ಷಣ ಸ್ಟಾರ್ಟ್. ಹತ್ತು ಸಲ ಮಾಡಿದೆ. ಹತ್ತು ಸಲವೂ.

ಕೈ ಒರೆಸಿಕೊಳ್ಳುತ್ತ ಅವರು ಮೆಟ್ಟಿಲ ಮೇಲೆ ಕೂತರು. ಈಗ ನಗುತ್ತಿರಲಿಲ್ಲ. "ಇಷ್ಟು ದಿನ ನಿನ್ನನ್ನೇ ದೂರಿದೆ. ನಾನು ಮಾಡಿದ ರಿಪೇರಿಯದ್ದೇ ತಪ್ಪು ಅಂತ ತಲೆಗೇ ಬರ್ಲಿಲ್ಲ. ನನ್ನಿಂದಾಗಿ ನೀನು ಟ್ಯಾಕ್ಸಿಯಲ್ಲಿ ಹೋಗ್ಬೇಕಾಯ್ತು, ಅದು ಸರಿಯಾಗ್ಲಿಲ್ಲ."

ನಾನು ಪಕ್ಕದಲ್ಲಿ ಕೂತೆ. ಅವರೇ ಫೋನ್ ತೆಗೆದು ಎಲೆಕ್ಟ್ರಿಷಿಯನ್‌ಗೆ ಸ್ಪೀಕರಿನಲ್ಲಿ ಹಿಂದಿಯಲ್ಲಿ ಎಲ್ಲ ಒಪ್ಪಿಸಿದರು. ಆ ಕಡೆಯಿಂದ ದೊಡ್ಡ ನಗು. "ಬಾಜಿ ಕೋ ಮೇರಾ ಸಲಾಂ ಬೋಲೋ," ಎಂದರು. ಸಲಾಂ ಮುಟ್ಟಿತು ಎಂದು ನಾನೇ ಕೂಗಿದೆ.

ಆ ಸಂಜೆ ಮೂವರೂ ಕುರಿಯಾತಿನ ಕಡಲತೀರಕ್ಕೆ ಹೊರಟೆವು, ಓಡಿಸಿದವಳು ನಾನು. ನನ್ನ ಪಕ್ಕ ಕೂತಾಗಲೆಲ್ಲ ಗಂಡ ಪ್ರತಿ ತಿರುವಿನಲ್ಲೂ ಕಾಲ ಕೆಳಗಿನ ಮ್ಯಾಟನ್ನು ಬ್ರೇಕೆಂಬಂತೆ ಒತ್ತುತ್ತಿದ್ದವರು. ಬೆಟ್ಟದ ಇಳಿಜಾರು ಶುರುವಾಗುವಾಗ ಯಾಕೋ ಸದ್ದಿಲ್ಲವಲ್ಲ ಎಂದು ಓರೆಗಣ್ಣಿನಿಂದ ನೋಡಿದೆ. ತಲೆ ಕಿಟಕಿಗೆ ಒರಗಿಸಿ, ಬಾಯಿ ತೆರೆದುಕೊಂಡು, ಗಾಢ ನಿದ್ದೆ.